ಕೋಲಾರಕ್ಕೆ ಹೋದ ಕರೆಂಟು, ಕನಕಪುರದಲ್ಲಿ ಸುಟ್ಟ ವೈರು

ಹೋದ ಗಣೇಶ ಹಬ್ಬಕ್ಕೆ ಕನಕಪುರದ ನಮ್ಮ ಬೀದಿ ಪೆಂಡಾಲಿಗೆ ನಾನೇ ಐದು ಮೀಟರ್ ಎಲ್‌ಇಡಿ ಸ್ಟ್ರಿಪ್ ಕಟ್ಟಿದ್ದೆ. ಒಂದೊಂದು ದೀಪಕ್ಕೂ ಬೇರೆ ಬಣ್ಣ ಕೊಡಬಹುದಾದಂಥದ್ದು. ಬಿಳಿ ಹಾಕಿದ್ರೆ ಕೊನೇ ದೀಪಗಳು ಕೆಂಪಗಾದವು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಪಕ್ಕದಲ್ಲೇ ಮಕ್ಕಳು, ಒಣಗಿದ ತೋರಣ. ಪ್ಲಗ್ ಕಿತ್ತೆ.

ಇದೇ ತಲೆನೋವು ಮೈಸೂರು ಸಂಸ್ಥಾನಕ್ಕೂ ಇತ್ತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. 1902ರಲ್ಲಿ ಕರೆಂಟು ಹರಿದ ಆ ಲೈನು ನಮ್ಮೂರ ಮೇಲೇ, ಅಂದರೆ ಆಗಿನ ಕಾನಕಾನಹಳ್ಳಿ ಮೇಲೇ ಹಾದುಹೋಯ್ತು. ತಂತಿ ಉದ್ದ ಆದಷ್ಟೂ ಶಕ್ತಿ ಬಿಸಿಯಾಗಿ ಸೋರುತ್ತೆ. ಅದಕ್ಕೇ ಅವರು ವೋಲ್ಟೇಜನ್ನ ಹತ್ತಾರು ಸಾವಿರಕ್ಕೆ ಏರಿಸಿದರು. ವೋಲ್ಟೇಜ್ ಹತ್ತು ಪಟ್ಟಾದ್ರೆ ಆಂಪ್ ಹತ್ತನೇ ಒಂದು ಭಾಗ, ತಂತಿಯಲ್ಲಿ ನಷ್ಟ ನೂರನೇ ಒಂದು ಭಾಗ. ಯೋಜನೆಯ ಬೆನ್ನಿಗೆ ನಿಂತ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ನೋಡಲಿಲ್ಲ, ಪಾಪ.

ನನ್ನ ಸ್ಟ್ರಿಪ್ಪಿಗೆ ಬರೀ 5 ವೋಲ್ಟ್. 300 ದೀಪ, ಪೂರ್ತಿ ಬಿಳುಪಿಗೆ ತಲಾ 60 ಮಿಲಿಆಂಪ್: 18 ಆಂಪ್! ಆಂಪ್ ಲೆಕ್ಕದಲ್ಲಿ ಮನೆ ಗೀಸರ್‌ಗಿಂತ ಜಾಸ್ತಿ. ಕೊಟ್ಟಿದ್ದು ಕೂದಲಿನಂಥ ವೈರು. ದೂರ ಹೋದಂತೆ ವೋಲ್ಟೇಜ್ ಕುಸಿದು ನೀಲಿ, ಹಸಿರು ಮೊದಲು ಮಂಕಾಗಿವೆ. ಕಾಮರ್ಸ್ ಓದಿದವನಿಗೆ ಈ ಗುಣಾಕಾರ ಮೊದಲೇ ಹೊಳೀಬೇಕಿತ್ತು.

ಈ ಸಲ 25 ಆಂಪ್ ಸಪ್ಲೈ, ದಪ್ಪ ವೈರು, ಎರಡೂ ತುದಿಗೂ ಮಧ್ಯಕ್ಕೂ ಕರೆಂಟು. ಪ್ರತಿ ಪ್ಲಸ್ ವೈರಿಗೂ ಸಪ್ಲೈ ಹತ್ತಿರವೇ ಫ್ಯೂಸ್, ಅದೂ ವೈರು ತಡೆಯೋ ಆಂಪಿಗಿಂತ ಕಮ್ಮಿದು. ಕೋಡಲ್ಲಿ ಬೆಳಕೂ ಅರ್ಧಕ್ಕೆ ಇಳಿಸಿದೆ. ಮೊನ್ನೆ ಮೂರು ಗಂಟೆ ಉರಿಸಿ ವೈರು ಮುಟ್ಟಿ ನೋಡ್ದೆ. ತಣ್ಣಗಿತ್ತು.