ಮಕ್ಕಳ ಪುಸ್ತಕದ ಪ್ರಾಣಿಗಳಿಗಾಗಿ ಅಧ್ಯಕ್ಷರೇ ಜಗಳಕ್ಕಿಳಿದಾಗ

ಮಕ್ಕಳಿಗೆ ಪುಸ್ತಕ ಆರಿಸೋದು ಸುಲಭ ಅಂದ್ಕೋತೀವಿ. ಚಿತ್ರ ಚೆನ್ನಾಗಿದೆಯಾ, ಭಾಷೆ ಸರಳವಾಗಿದೆಯಾ, ಕೊನೆಗೊಂದು ನೀತಿ ಇದೆಯಾ, ಅಷ್ಟು ನೋಡಿದ್ರೆ ಮುಗೀತು. ಆದರೆ ಪ್ರಾಣಿಪಕ್ಷಿಗಳ ಪುಸ್ತಕ ಅಂದ ತಕ್ಷಣ ಇನ್ನೊಂದು ಪ್ರಶ್ನೆ ಏಳುತ್ತೆ: ಇದರಲ್ಲಿ ಬರೆದಿರೋದು ನಿಜವಾ? ಈ ಒಂದು ಪ್ರಶ್ನೆಗಾಗಿ ಅಮೆರಿಕದಲ್ಲಿ 1903ರಲ್ಲಿ ಶುರುವಾದ ಜಗಳಕ್ಕೆ 1907ರಲ್ಲಿ ಆ ದೇಶದ ಅಧ್ಯಕ್ಷರೇ ಇಳಿದರು. ಇವತ್ತು ಆ ಕಥೆ ನೋಡೋಣ.

ಮೊದಲು ಹಿನ್ನೆಲೆ. 19ನೇ ಶತಮಾನದ ಕೊನೆಗೆ ಅಮೆರಿಕದ ನಗರಗಳು ವೇಗವಾಗಿ ಬೆಳೆಯುತ್ತಿದ್ದವು. ಮಕ್ಕಳಿಗೆ ಹೊಲ, ಕಾಡು ದೂರವಾಗ್ತಿದೆ ಅನ್ನೋ ಚಿಂತೆ ಶಿಕ್ಷಕರಲ್ಲಿ ಹುಟ್ಟಿತು. ಅದರಿಂದ 'ನೇಚರ್ ಸ್ಟಡಿ' ಎಂಬ ಶಿಕ್ಷಣ ಚಳವಳಿ ಬೆಳೆಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ಲಿಬರ್ಟಿ ಹೈಡ್ ಬೈಲಿ, ಅನ್ನಾ ಕಾಮ್‌ಸ್ಟಾಕ್ ಅಂಥವರು ಇದರ ಮುಂಚೂಣಿಯಲ್ಲಿದ್ದರು. ಶಾಲೆಗಳಿಗೆ ಪ್ರಕೃತಿಯ ಪುಸ್ತಕಗಳು ಬೇಕಾದವು. ಬೇಡಿಕೆ ಇದ್ದಲ್ಲಿ ಪ್ರಕಾಶಕರು ಸುಮ್ಮನೆ ಕೂರ್ತಾರಾ?

1898ರಲ್ಲಿ ಅರ್ನೆಸ್ಟ್ ಥಾಂಪ್ಸನ್ ಸೀಟನ್ ಅವರ 'ವೈಲ್ಡ್ ಆ್ಯನಿಮಲ್ಸ್ ಐ ಹ್ಯಾವ್ ನೋನ್' ಬಂತು. ನ್ಯೂ ಮೆಕ್ಸಿಕೋದ ಲೋಬೋ ಎಂಬ ತೋಳದ ಕಥೆ ಅದರಲ್ಲೇ ಇರೋದು. ಓದುಗರು ಮುಗಿಬಿದ್ದರು. ಇವೆಲ್ಲ ನಿಜವಾದ ಕಥೆಗಳು ಎಂದು ಲೇಖಕರು ಮುನ್ನುಡಿಯಲ್ಲೇ ಹೇಳಿಕೊಂಡಿದ್ದರು. ಇನ್ನೊಬ್ಬರು ವಿಲಿಯಂ ಲಾಂಗ್, ಕನೆಟಿಕಟ್‌ನ ಪಾದ್ರಿ. ಅವರ ಪುಸ್ತಕಗಳು ಶಾಲೆಗಳಿಗೇ ಹೋಗುತ್ತಿದ್ದವು. ಪ್ರಾಣಿಗಳು ಮರಿಗಳಿಗೆ ಪಾಠ ಹೇಳಿಕೊಡುತ್ತವೆ ಅನ್ನೋದು ಅವರ ವಾದ. ಮಿಂಚುಳ್ಳಿ ಸಣ್ಣ ಮೀನುಗಳನ್ನು ತಂದು ಆಳವಿಲ್ಲದ ಗುಂಡಿಗೆ ಬಿಟ್ಟು ಮರಿಗಳಿಗೆ ಬೇಟೆ ಕಲಿಸುತ್ತೆ ಅಂತ ಬರೆದರು. ವುಡ್‌ಕಾಕ್ ಎಂಬ ಹಕ್ಕಿ ತನ್ನ ಮುರಿದ ಕಾಲಿಗೆ ತಾನೇ ಜೇಡಿಮಣ್ಣಿನ ಪಟ್ಟಿ ಕಟ್ಟಿಕೊಂಡಿತು ಅಂತಲೂ ಬರೆದರು!

1903ರ ಮಾರ್ಚ್‌ನಲ್ಲಿ ಜಾನ್ ಬರೋಸ್ ಎಂಬ ಹಿರಿಯ ಪ್ರಕೃತಿ ಲೇಖಕರು 'ಅಟ್ಲಾಂಟಿಕ್ ಮಂತ್ಲಿ'ಯಲ್ಲಿ ಇವರಿಬ್ಬರನ್ನೂ ತರಾಟೆಗೆ ತೆಗೆದುಕೊಂಡರು. ಸೀಟನ್ ನೋಡಿದ ಪ್ರಾಣಿಗಳು ಬೇರೆ ಯಾರ ಕಣ್ಣಿಗೂ ಬಿದ್ದಿಲ್ಲವಲ್ಲ ಅಂತ ಪುಸ್ತಕದ ಹೆಸರನ್ನೇ ಹಿಡಿದು ಗೇಲಿ ಮಾಡಿದರು. ಲಾಂಗ್ ಸೋಲೊಪ್ಪಲಿಲ್ಲ. ಸಾಕ್ಷಿಗಳಿಂದ ಪ್ರಮಾಣಪತ್ರಗಳನ್ನೇ ತರಿಸಿದರು.

ರೂಸ್‌ವೆಲ್ಟ್ ಮೊದಲಿನಿಂದಲೂ ಬರೋಸ್ ಪಕ್ಷ. ಆದರೆ ಬಹಿರಂಗವಾಗಿ ಬಾಯಿಬಿಟ್ಟದ್ದು 1907ರಲ್ಲಿ, 'ಎವ್ರಿಬಡೀಸ್ ಮ್ಯಾಗಜೀನ್' ಸಂದರ್ಶನದಲ್ಲಿ. ತೋಳ ಒಂದೇ ಕಡಿತಕ್ಕೆ ಕ್ಯಾರಿಬೂ ಎಂಬ ದೊಡ್ಡ ಜಿಂಕೆಯ ಎದೆ ಸೀಳಿ ಹೃದಯಕ್ಕೇ ಹಲ್ಲಿಳಿಸಿತು ಎಂಬ ಲಾಂಗ್ ವರ್ಣನೆಯನ್ನು ಬೇಟೆಗಾರನ ಅನುಭವದಿಂದ ಅಲ್ಲಗಳೆದರು. ಜಾಕ್ ಲಂಡನ್ ಅವರ 'ವೈಟ್ ಫ್ಯಾಂಗ್' ಕಾದಂಬರಿಯನ್ನೂ ಬಿಡಲಿಲ್ಲ. ಆದರೆ ಅವರ ಮುಖ್ಯ ತಕರಾರು ಗಮನಿಸಿ: ಇವನ್ನು ನೀತಿಕಥೆ ಅಂತ ಬರೆದು, ನೀತಿಕಥೆ ಅಂತಲೇ ಮಕ್ಕಳ ಕೈಗೆ ಕೊಟ್ಟರೆ ನನ್ನ ಅಭ್ಯಂತರವಿಲ್ಲ, ವಿಜ್ಞಾನ ಅಂತ ಶಾಲೆಯಲ್ಲಿ ಕಲಿಸೋದು ತಪ್ಪು.

ನಮಗೆ ಇದು ಬೇಗ ಅರ್ಥವಾಗುತ್ತೆ. ಪುಣ್ಯಕೋಟಿಯ ಕಥೆಯಲ್ಲಿ ಹುಲಿ ಮಾತಾಡುತ್ತೆ, ಪಶ್ಚಾತ್ತಾಪದಿಂದ ಪ್ರಾಣವನ್ನೇ ಬಿಡುತ್ತೆ. ಅದನ್ನು ಕೇಳಿ ಕಣ್ಣೀರಿಟ್ಟ ಯಾವ ಮಗುವೂ ಹುಲಿಯ ಸ್ವಭಾವ ಹೀಗೇ ಅಂತ ಪರೀಕ್ಷೆಯಲ್ಲಿ ಬರೆಯೋದಿಲ್ಲ. ತೇಜಸ್ವಿಯವರ 'ಕರ್ವಾಲೊ' ಕಾದಂಬರಿ, ಸ್ವಲ್ಪ ದೊಡ್ಡ ಮಕ್ಕಳಿಗೆ ಸರಿ. ಆದರೆ ಅದರ ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇದೆ, ಪಕ್ಕೆಯ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತೆ. ಎರಡೂ ಪ್ರಾಮಾಣಿಕ. ಎರಡೂ ತಾವೇನು ಅಂತ ಮುಚ್ಚಿಡೋದಿಲ್ಲ.

ಈಗ ಕಥೆಯ ತಿರುವು. 2006ರಲ್ಲಿ ವಿಜ್ಞಾನಿಗಳು ಆಫ್ರಿಕಾದ ಮೀರ್‌ಕ್ಯಾಟ್‌ಗಳು ಮರಿಗಳಿಗೆ ಕಲಿಸುತ್ತವೆ ಎಂದು ತೋರಿಸಿದರು. ಚಿಕ್ಕ ಮರಿಗೆ ಸತ್ತ ಚೇಳು, ಸ್ವಲ್ಪ ಬೆಳೆದ ಮೇಲೆ ಕೊಂಡಿ ಕಿತ್ತ ಚೇಳು, ಆಮೇಲೆ ಪೂರ್ತಿ ಜೀವಂತ ಚೇಳು! ಹಾಗಾದರೆ ಲಾಂಗ್ ಗೆದ್ದರಾ? ಇಲ್ಲ. ಪ್ರಾಣಿಗಳೂ ಕಲಿಸಬಹುದು ಅನ್ನೋ ಊಹೆ ಹುಚ್ಚೇನಲ್ಲ, ಅದನ್ನು ಪೂರ್ತಿ ತಳ್ಳಿಹಾಕಿದವರೂ ಅವಸರ ಮಾಡಿದರು. ಆದರೆ ಮೀರ್‌ಕ್ಯಾಟ್ ವಿಷಯದಲ್ಲಿ ಕಾದು, ಎಣಿಸಿ, ಪ್ರಯೋಗ ಮಾಡಿ ಹೇಳಿದರು. ಒಮ್ಮೆ ಕಂಡದ್ದಕ್ಕೆ ಕಥೆ ಕಟ್ಟಲಿಲ್ಲ. ಸರಿಯಾದ ಉತ್ತರದಷ್ಟೇ ಅಲ್ಲಿಗೆ ತಲುಪಿದ ದಾರಿಯೂ ಮುಖ್ಯ. ಕೋಡ್ ರಿವ್ಯೂ ಮಾಡೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೀಟನ್ ಕಥೆ ಇನ್ನೂ ಚೆಂದ. ಗೇಲಿಗೆ ಅವರು ಕೊಟ್ಟ ಉತ್ತರ ಕೆಲಸ. 1909ರಲ್ಲಿ ಉತ್ತರದ ಪ್ರಾಣಿಗಳ ಜೀವನದ ಬಗ್ಗೆ ಎರಡು ದಪ್ಪ ಸಂಪುಟ ತಂದರು. ಆಮೇಲೆ ಇನ್ನೂ ದೊಡ್ಡ ಗ್ರಂಥ ಬರೆದರು. 1927ರಲ್ಲಿ ಅವರಿಗೆ ಒಂದು ಪದಕ ಬಂತು. ಯಾರ ಹೆಸರಿನದು ಗೊತ್ತಾ? ಜಾನ್ ಬರೋಸ್ ಪದಕ!

ಇದರಿಂದ ನಮಗೇನು? ಪುಣೆ, ಹೈದರಾಬಾದ್‌ನ ಹತ್ತನೇ ಮಹಡಿಯಲ್ಲಿ ಬೆಳೆಯೋ ನಮ್ಮ ಮಕ್ಕಳಿಗೆ ಕಾಡು ಸಿಗೋದು ಹೆಚ್ಚಾಗಿ ಪುಸ್ತಕದಲ್ಲಿ, ಇಲ್ಲಾ ಫೋನಿನಲ್ಲಿ. 'ನಿಜ ಘಟನೆ' ಎಂಬ ತಲೆಬರಹದ ಪ್ರಾಣಿ ವಿಡಿಯೋಗಳು ಫ್ಯಾಮಿಲಿ ಗ್ರೂಪಿಗೆ ದಿನಾ ಬರ್ತಾವೆ. ಹಾಗಾಗಿ ಮೂರು ಪ್ರಶ್ನೆ ಇಟ್ಟುಕೊಳ್ಳಿ. ಇದು ಕಥೆ ಅಂತಿದೆಯೋ, ನಿಜ ಅಂತಿದೆಯೋ? ನಿಜ ಅಂದರೆ, ಬರೆದವರಿಗೆ ಹೇಗೆ ಗೊತ್ತಾಯ್ತು? ಮಗು ತಾನೇ ನೋಡಿದರೆ ಅದು ಕಾಣುತ್ತಾ?

ಮೂರನೆಯದು ಸುಲಭ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತೆ, ಕಾಗೆ ಆ ಮರಿಗೆ ಗುಟುಕು ಕೊಟ್ಟು ಸಾಕುತ್ತೆ. ಇದಕ್ಕೆ ಯಾರೂ ಬಣ್ಣ ಹಚ್ಚಬೇಕಿಲ್ಲ. ಬೇಸಿಗೆಯಲ್ಲಿ ನಿಮ್ಮ ಅಪಾರ್ಟ್‌ಮೆಂಟಿನ ಮರದಲ್ಲೇ ಇದು ನಡೆಯುತ್ತಿರಬಹುದು. ಮಗು ಬಾಲ್ಕನಿಯಲ್ಲಿ ನಿಂತು ಕಾದು, ಪುಸ್ತಕ ಹೇಳಿದ್ದು ನಿಜ ಅಂತ ಒಂದು ಸಲ ಕಣ್ಣಾರೆ ಕಂಡರೆ, ಆ ಪುಸ್ತಕವನ್ನೂ ನಂಬುತ್ತೆ, ತನ್ನ ಕಣ್ಣನ್ನೂ ನಂಬುತ್ತೆ. ಅಲ್ಲಿ ಏನೂ ಕಾಣದೇ ಹೋದರೆ ಎರಡನ್ನೂ ಬಿಟ್ಟುಬಿಡುತ್ತೆ. ರೂಸ್‌ವೆಲ್ಟ್ ಅವರಿಗಿದ್ದ ಭಯವೂ ಇದೇ.

ನಿಮ್ಮ ಮನೆಯ ಮಕ್ಕಳ ಕಪಾಟಿನಲ್ಲಿ ಈ ಮೂರು ಪ್ರಶ್ನೆ ಪಾಸಾಗೋ ಪುಸ್ತಕ ಯಾವುದಿದೆ, ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.