ಕಡಲು ಕೈಬಿಟ್ಟ ಬ್ರೂಜ್

ಬೆಲ್ಜಿಯಂನ ಬ್ರೂಜ್ ಒಂದೇ ದಿನದಲ್ಲಿ ಕಾಲ್ನಡಿಗೆಯಲ್ಲೇ ನೋಡಿ ಮುಗಿಸಬಹುದಾದ ಊರು. ಹಳೆಯ ಪೇಟೆಯನ್ನು ಕಾಲುವೆ ಸುತ್ತುವರಿದಿದೆ; ಅದರೊಳಗೆ ಇಟ್ಟಿಗೆಯ ಮನೆಗಳು, ಕಲ್ಲು ಹಾಸಿದ ಓಣಿಗಳು, ಕಮಾನು ಸೇತುವೆಗಳು. ಇಷ್ಟೆಲ್ಲ ಉಳಿದುಬಂದದ್ದು ಯಾರ ಮುಂದಾಲೋಚನೆಯಿಂದಲೂ ಅಲ್ಲ, ಬಡತನದಿಂದ.

1134ರ ಬಿರುಗಾಳಿಗೆ ಫ್ಲಾಂಡರ್ಸ್ ಕರಾವಳಿಯ ನೆಲ ಕೊಚ್ಚಿಹೋಗಿ ಜ್ವಿನ್ ಎಂಬ ಕಡಲ ಕಾಲುವೆ ತೆರೆದುಕೊಂಡಿತು. ಒಳನಾಡಿನ ಬ್ರೂಜ್‌ಗೆ ಸಮುದ್ರದ ದಾರಿ ಸಿಕ್ಕಿದ್ದು ಹೀಗೆ. ಹಡಗುಗಳ ಸರಕು ದಾಮ್ ಎಂಬಲ್ಲಿ ದೋಣಿಗೆ ಇಳಿದು ಊರು ಸೇರುತ್ತಿತ್ತು. 1277ರಲ್ಲಿ ಜಿನೋವಾದ ಹಡಗುಗಳು ನೇರವಾಗಿ ಬಂದ ಮೇಲೆ ಇಂಗ್ಲೆಂಡಿನ ಉಣ್ಣೆ, ಫ್ಲಾಂಡರ್ಸ್‌ನ ಬಟ್ಟೆ, ದಕ್ಷಿಣದ ಸಂಬಾರ ಪದಾರ್ಥಗಳೆಲ್ಲ ಒಂದೇ ಕಡೆ ಕೈಬದಲಾಗತೊಡಗಿದವು. ಊರ ನಡುವಿನ ಮಾರ್ಕ್ಟ್ ಚೌಕದ ಪೂರ್ವಕ್ಕೆ ಕಾಲುವೆಯ ಮೇಲೆಯೇ ಒಂದು ದೊಡ್ಡ ಮಳಿಗೆ ಕಟ್ಟಿದ್ದರು. ದೋಣಿಗಳು ಅದರೊಳಕ್ಕೇ ಬಂದು ಸೂರಿನಡಿ ಸರಕು ಇಳಿಸುತ್ತಿದ್ದವು. ಚೌಕದ ದಕ್ಷಿಣಕ್ಕೆ ಬಟ್ಟೆಯ ಮಳಿಗೆ, ಅದರ ಮೇಲೆ 83 ಮೀಟರ್ ಎತ್ತರದ ಗಂಟೆಗೋಪುರ. ಊರಿನ ಹಕ್ಕುಪತ್ರಗಳನ್ನು ಕಬ್ಬಿಣದ ಪೆಟ್ಟಿಗೆಗಳಲ್ಲಿ ಬೀಗ ಹಾಕಿ ಇಡುತ್ತಿದ್ದದ್ದು ಚರ್ಚಿನಲ್ಲಲ್ಲ, ಈ ಗೋಪುರದಲ್ಲಿ. ವರ್ತಕರ ಊರಿಗೆ ಯಾವುದು ಮುಖ್ಯವಾಗಿತ್ತು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಇಂದಿನ ಪ್ರವಾಸಿ ತುದಿ ಮುಟ್ಟಲು 366 ಮೆಟ್ಟಿಲು ಹತ್ತಬೇಕು.

ಹಣವಿದ್ದಲ್ಲಿಗೆ ಕಲಾವಿದರೂ ಬಂದರು. ಯಾನ್ ವಾನ್ ಐಕ್ 1441ರಲ್ಲಿ ಇಲ್ಲಿಯೇ ತೀರಿಕೊಂಡ. ಮೈಕೆಲ್ಯಾಂಜೆಲೊ ಕೆತ್ತಿದ ಅಮೃತಶಿಲೆಯ ಮೇರಿ ಮತ್ತು ಶಿಶು ವಿಗ್ರಹವನ್ನು ಇಲ್ಲಿನ ಬಟ್ಟೆ ವ್ಯಾಪಾರಿ ಮನೆತನವೊಂದು ಕೊಂಡು ತಂದಿತು. 1794ರಲ್ಲಿ ಫ್ರೆಂಚರು, 1944ರಲ್ಲಿ ನಾಜಿಗಳು ಅದನ್ನು ಹೊತ್ತೊಯ್ದರೂ ಎರಡು ಸಲವೂ ಅದು ಮೇರಿಮಾತೆಯ ಚರ್ಚಿಗೆ ಮರಳಿತು.

ಆ ವೈಭವದ ಕಾಲದಲ್ಲೇ ಜ್ವಿನ್ ಹೂಳು ತುಂಬುತ್ತ ಬಂದಿತ್ತು. ರಾಜಕೀಯವೂ ಕೈಕೊಟ್ಟಿತು: 1488ರಲ್ಲಿ ನಾಗರಿಕರು ಮ್ಯಾಕ್ಸಿಮಿಲಿಯನ್ ದೊರೆಯನ್ನು ಸೆರೆಯಲ್ಲಿಟ್ಟರು, ಬಿಡುಗಡೆಯಾದ ಆತ ವಿದೇಶಿ ವರ್ತಕರಿಗೆ ಆಂಟ್‌ವರ್ಪ್‌ಗೆ ಹೋಗಲು ಆಜ್ಞಾಪಿಸಿದ. 1501ರಲ್ಲಿ ಭಾರತದ ಪಶ್ಚಿಮ ಕರಾವಳಿಯ ಮೆಣಸನ್ನು ಪೋರ್ಚುಗೀಸರು ತಂದಿಳಿಸಿದ್ದೂ ಆಂಟ್‌ವರ್ಪ್‌ನಲ್ಲಿಯೇ.

ಮುಂದಿನ ಮೂರು ಶತಮಾನ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ದೋಣಿಗಳಿಲ್ಲದ ಮಳಿಗೆಯನ್ನು 1787ರಲ್ಲಿ ಕೆಡವಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರೂಜ್ ಬೆಲ್ಜಿಯಂನ ಕಡುಬಡ ಊರುಗಳಲ್ಲಿ ಒಂದು. ಲೇಸ್ ಹೆಣೆಯುವ ಹೆಂಗಸರ ಅಲ್ಪ ಗಳಿಕೆಯೇ ಎಷ್ಟೋ ಮನೆಗಳಿಗೆ ಆಧಾರ. ದೊಡ್ಡ ಕಾರ್ಖಾನೆಗಳು ಬರಲಿಲ್ಲ, ಹಳೆಯ ಓಣಿಗಳನ್ನು ಒಡೆಯುವ ಅಗತ್ಯವೂ ಬೀಳಲಿಲ್ಲ.

1838ರಲ್ಲಿ ರೈಲು ಬಂತು, ಅದರೊಂದಿಗೆ ಇಂಗ್ಲಿಷ್ ಪ್ರವಾಸಿಗರೂ ಬಂದರು. 1892ರಲ್ಲಿ ಜಾರ್ಜ್ ರೋಡೆನ್‌ಬಾಕ್ ತನ್ನ ಫ್ರೆಂಚ್ ಕಾದಂಬರಿಯಲ್ಲಿ ಇದನ್ನು ಸತ್ತ ನಗರವೆಂದು ಚಿತ್ರಿಸಿದ. ಆ ಚಿತ್ರ ಇನ್ನಷ್ಟು ಜನರನ್ನು ಸೆಳೆಯಿತು. ಇದೇ ಕಾಲದಲ್ಲಿ ಊರಿನವರು ಅನೇಕ ಮನೆಗಳ ಮುಂಭಾಗವನ್ನು ಗಾಥಿಕ್ ಶೈಲಿಗೆ ಮರಳಿಸಿದರು. ಕೆಡವಿದ ಮಳಿಗೆಯ ಜಾಗದಲ್ಲಿ ಇಂದು ಕಾಣುವ ಪ್ರಾಂತೀಯ ಭವನದ ಕೆಲಸ ಶುರುವಾದದ್ದೇ 1887ರಲ್ಲಿ. ಮಧ್ಯಯುಗದ್ದೆಂದು ಪ್ರವಾಸಿ ಮೆಚ್ಚುವುದರಲ್ಲಿ ಗಣನೀಯ ಪಾಲು ಹೀಗೆ ಈಚಿನದು. ಹೊಸ ಬಂದರು 1907ರಲ್ಲಿ ಉದ್ಘಾಟನೆಯಾದದ್ದು ಕರಾವಳಿಯ ಜೀಬ್ರೂಜ್‌ನಲ್ಲಿ. ಅದರ ಗದ್ದಲ ಹಳೆಯ ಪೇಟೆಯ ಒಳಕ್ಕೆ ಬರಲಿಲ್ಲ. ಆ ಪೇಟೆಯನ್ನು 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.