ಚದುರಂಗದ ಅಸಾಮಾನ್ಯ ಕಾಯಿಗಳ ನಾಮಕರಣ

ಚದುರಂಗದ ಪ್ರಭೇದಗಳಲ್ಲಿಯೂ ಸಮಸ್ಯಾರಚನೆಯಲ್ಲಿಯೂ, ವಾಡಿಕೆಯ ಆರು ಬಗೆಗಳನ್ನು ಮೀರಿ ಕಲ್ಪಿತವಾದ ಕಾಯಿಗಳಿಗೆ ಹೆಸರಿಡುವ ಪದ್ಧತಿ. ಗತಿಭೇದವನ್ನನುಸರಿಸಿ ಇವನ್ನು ನಿಯತ ದೂರಕ್ಕೆ ನೆಗೆಯುವವು, ಅದೇ ನೆಗೆತವನ್ನು ಒಂದೇ ದಿಕ್ಕಿನಲ್ಲಿ ಪುನರಾವರ್ತಿಸುತ್ತ ಸಾಗುವವು, ಅನ್ಯ ಕಾಯಿಯೊಂದನ್ನು ದಾಟಿಯೇ ಚಲಿಸುವವು ಎಂದು ಮುಖ್ಯವಾಗಿ ಮೂರು ವರ್ಗಗಳಾಗಿ ವಿಂಗಡಿಸುವುದು ರೂಢಿ.

ನೆಗೆಯುವ ಕಾಯಿಗಳನ್ನು ಸಂಖ್ಯಾಯುಗ್ಮದಿಂದ ನಿರ್ದೇಶಿಸುವರು: ಕುದುರೆ 1,2, ಜೀಬ್ರಾ 2,3, ಜಿರಾಫೆ 1,4. ಹೆಸರುಗಳಲ್ಲಿ ಹಲವು ಪ್ರಾಚೀನ ಆಟಗಳಿಂದ ಬಂದವು. ಕರ್ಣದಲ್ಲಿ ಒಂದು ಮನೆ ಸರಿಯುವ ಫೆರ್ಸ್, ಎರಡನೆಯ ಮನೆಗೆ ನೆಗೆಯುವ ಅಲ್ಫಿಲ್ ಎಂಬಿವು ಶತರಂಜಿನವು. ವಜೀರ (0,1), ದಬ್ಬಾಬಾ (0,2), ಕ್ಯಾಮಲ್ (1,3) ಎಂಬಿವು ತೈಮೂರನ ಹೆಸರಿನಿಂದ ಪ್ರಸಿದ್ಧವಾದ ಮಹಾಚದುರಂಗದಲ್ಲಿಯೂ ಕಾಣುತ್ತವೆ. ಕನ್ನಡದ ಆಟಗಾರರಲ್ಲಿ ಕರ್ಣಗಾಮಿಯಾದ ಕಾಯಿಗೇ ಒಂಟೆಯೆಂಬ ಹೆಸರು ನೆಲೆಗೊಂಡಿರುವುದರಿಂದ, ಈ ಕಡೆಯದನ್ನು ಅನುವಾದಿಸದೆ ಉಳಿಸಿಕೊಳ್ಳುವುದೇ ಯುಕ್ತ.

ಆಧುನಿಕ ನಾಮಗಳಲ್ಲಿ ಇಂಗ್ಲೆಂಡಿನ ಸಮಸ್ಯಾಕಾರ ಟಿ. ಆರ್. ಡಾಸನ್ (1889–1951) ಅವರ ಕೊಡುಗೆ ಅಗ್ರಗಣ್ಯವಾದುದು. ಅವರು 1913ರಲ್ಲಿ ಪ್ರಕಟಿಸಿದ ಗ್ರಾಸ್‌ಹಾಪರ್, ಮಂತ್ರಿಯ ರೇಖೆಗಳಲ್ಲಿ ಸಾಗಿ, ಅಡ್ಡ ನಿಂತ ಕಾಯಿಯನ್ನು ಹಾರಿ, ಅದರ ಆಚೆಯ ಮನೆಯಲ್ಲಿಯೇ ಇಳಿಯುವುದು. ಚಿತ್ರಗಳಲ್ಲಿ ಅದನ್ನು ತಲೆಕೆಳಗಾದ ಮಂತ್ರಿಯಿಂದ ಸೂಚಿಸುವರು. ಕುದುರೆಯ ನೆಗೆತವನ್ನು ಮುಂದುವರಿಸುವ ನೈಟ್‌ರೈಡರ್ ಕೂಡ ಅವರದೇ ಸೃಷ್ಟಿ.

ಸಂಯುಕ್ತ ಕಾಯಿಗಳಲ್ಲಿ ನಾಮಭೇದ ಅಧಿಕ. ಆನೆ ಮತ್ತು ಕುದುರೆಗಳ ಗತಿಗಳನ್ನು ಕೂಡಿಸಿದುದು ಕಾಪಾಬ್ಲಾಂಕಾ ಅವರ ಆಟದಲ್ಲಿ ಚಾನ್ಸಲರ್, ಸಮಸ್ಯಾಕಾರರಲ್ಲಿ ಎಂಪ್ರೆಸ್. ಒಂಟೆ ಮತ್ತು ಕುದುರೆಗಳದು ಕ್ರಮವಾಗಿ ಆರ್ಚ್‌ಬಿಷಪ್, ಪ್ರಿನ್ಸೆಸ್. ಈ ಸಂದಿಗ್ಧತೆಯನ್ನು ನೀಗುವುದರಲ್ಲಿ ಅಮೆರಿಕದ ರಾಲ್ಫ್ ಬೆಟ್ಜಾ ರೂಪಿಸಿದ, ಮೂಲಗತಿಗಳನ್ನು ಅಕ್ಷರಗಳಿಂದ ಗುರುತಿಸಿ ಜೋಡಿಸುವ ಸಂಕೇತಪದ್ಧತಿಯು ಬಹೂಪಯೋಗಿಯಾಗಿದೆ.